ತಲೆ ಎತ್ತಿ ಈಜಲು ಕಲಿಸಿದ ಅಪ್ಪನಿಗೆ

ಅಪ್ಪಾ,

'ಅಪ್ಪಾ' ಎನ್ನುವ ಮೊದಲು 'ಪ್ರೀತಿಯ' ಎಂದು ಸೇರಿಸಲು ಕೈ ಬರಲಿಲ್ಲ. ಹೋದ ತಿಂಗಳು ಹೊಳೆನರಸೀಪುರದ ಮದುವೆಯೂಟದಲ್ಲಿ ಚಿಕ್ಕಪ್ಪ ಎಲ್ಲರೆದುರು ನನ್ನ ಹೆಗಲು ತಟ್ಟಿ, "ನಮ್ಮಣ್ಣ ಕಣ್ರಲಾ ಇವ್ಳಿಗೆ ಈಜು ಕಲ್ಸಿದ್ದು" ಅಂದ. ತಟ್ಟಿದ್ದು ಬಲಹೆಗಲು, ನೀನು ಕೆಡಿಸಿದ ಹೆಗಲು. ಎಲೆಯ ಮೇಲಿನ ಪಾಯಸ ಬಳಿದು ತಿಂದೆ. ಅಲ್ಲಿ ನುಂಗಿದ ಮಾತನ್ನು ನಿನಗೇ ಹೇಳುತ್ತೇನೆ.

ಚಿಕ್ಕವಳಿದ್ದಾಗ ನಿನ್ನ ಬೆನ್ನಿಗೆ ಅಂಟಿಕೊಂಡು ಹೇಮಾವತಿಯ ನಡುನೀರಿಗೆ ಹೋಗುತ್ತಿದ್ದುದು ನೆನಪಿದೆ. ಆಗ ನೀನೇ ನನಗೆ ದೇವರು, ಸುಳ್ಳು ಹೇಳುವುದಿಲ್ಲ. ಹೊಳೆಯಲ್ಲಿ ತಲೆ ಎತ್ತಿಯೇ ಈಜಬೇಕು. ಆಚೆ ದಡ ಕಾಣಬೇಕು, ತೇಲಿಬರುವ ಕೊಂಬೆ ಕಾಣಬೇಕು. ಸರಿ. ಹಾಸನದ ಈಜುಕೊಳದಲ್ಲಿ ಯಾವ ಕೊಂಬೆ ತೇಲಿಬರುತ್ತಿತ್ತು? ಅಲ್ಲೂ ನೀನು ದಂಡೆಯ ಮೇಲೆ ನಿಂತು, "ತಲೆ ಎತ್ತಮ್ಮಿ! ನೀರ್ನ ಬಡಿ! ಇನ್ನೂ ಬಿರ್ನೆ ಬಡಿ!" ಎಂದು ಅರಚುತ್ತಿದ್ದೆ. ತಲೆ ಎತ್ತಿದಷ್ಟೂ ಕಾಲು ಮುಳುಗುತ್ತಿತ್ತು, ಕಾಲು ಮುಳುಗಿದಷ್ಟೂ ತೋಳಿಗೆ ದುಡಿತ ಹೆಚ್ಚುತ್ತಿತ್ತು. ಅದು ಈಜಾ? ನೀರಿನ ಜೊತೆ ಜಗಳ.

ಶೋಭಾ ಮೇಡಂ ನಿನ್ನೊಡನೆ ಮಾತಾಡಿದ ಬೆಳಿಗ್ಗೆಯನ್ನು ನಾನು ಮರೆಯುವುದಿಲ್ಲ. ಅರಕಲಗೂಡಿನವರು, ಕೊಳಕ್ಕೆ ಹೊಸದಾಗಿ ಬಂದಿದ್ದ ಕೋಚ್. "ಸಾ, ಮಗು ಕೆಳಗಿನ ನೆಲ ನೋಡ್ಲಿ. ಉಸಿರಿಗೆ ತಲೆ ಎತ್ತೋದ್ ಬ್ಯಾಡ, ಮೈ ಜೊತೆ ಪಕ್ಕಕ್ಕೆ ತಿರುಗಿದ್ರೆ ಸಾಕು. ಇಂಗೇ ಬಡೀತಿದ್ರೆ ಹೆಗಲು ಓಯ್ತದೆ" ಅಂದರು. ನೀನು ಏನಂದೆ? "ನೀನ್ ಉಟ್ಟೋಕ್ ಮುಂಚೆ ಹೊಳೆ ದಾಟ್ದೋನು ನಾನು. ಎಂಗ್ಸು ನಂಗ್ ಹೇಳ್ಕೊಡ್ತೀಯಾ?" ಕೊಳದ ಜನವೆಲ್ಲ ತಿರುಗಿ ನೋಡಿದರು. ಅಂದಿನಿಂದ ಅವರಿರುವ ಹೊತ್ತಿನಲ್ಲಿ ನನ್ನನ್ನು ನೀರಿಗೇ ಇಳಿಸಲಿಲ್ಲ.

ಜಿಲ್ಲಾ ಸ್ಪರ್ಧೆಯ ದಿನ ಅರ್ಧ ದಾರಿಯಲ್ಲೇ ನನ್ನ ಬಲಗೈ ಮೇಲೇಳಲಿಲ್ಲ. ಸಾಲುಗಳ ನಡುವಿನ ಹಗ್ಗ ಹಿಡಿದು ಅಳುತ್ತಿದ್ದೆ. ಉಟ್ಟ ಬಟ್ಟೆಯಲ್ಲೇ ಧುಮುಕಿ ನನ್ನನ್ನು ದಡಕ್ಕೆ ತಂದವರು ಅದೇ ಶೋಭಾ ಮೇಡಂ. ನೀನು? ನೋಯುತ್ತಿದೆಯಾ ಎಂದು ಒಂದು ಸಲ ಕೇಳಿದ್ದರೆ... ಕೇಳಲಿಲ್ಲ. ಮನೆಯವರೆಗೂ ಒಂದೇ ಮಾತು: "ಮರ್ವಾದೆ ಕಳ್ದೆ." ಮಾರನೆಯ ದಿನದಿಂದ ನನಗೆ ಈಜುಕೊಳವೇ ಬಂದ್.

ಆಸ್ಪತ್ರೆಯ ಕೊನೆಯ ದಿನಗಳಲ್ಲಿ ನಿನ್ನ ಹಾಸಿಗೆ ಪಕ್ಕ ಕೂತು, ತಪ್ಪಾಯಿತೆಂಬ ಮಾತು ಬಂದೀತೆಂದು ಕಾದೆ. ಬಂದದ್ದು ಬೇರೆ. "ನೀನ್ ಈಜೋದ್ ಬುಡ್ದೇ ಇದ್ದಿದ್ರೆ ಎಲ್ಲೋ ಇರ್ತಿದ್ದೆ ಕಣಮ್ಮಿ" ಅಂದೆ. ಬಿಟ್ಟದ್ದು ನಾನಾ ಅಪ್ಪಾ? ಸಾಯುವವನ ಜೊತೆ ಜಗಳ ಬೇಡವೆಂದು ನಿನ್ನ ಹೊದಿಕೆ ಸರಿಮಾಡಿದೆ. ಆ ಸಿಟ್ಟು ಇನ್ನೂ ಹಾಗೇ ಇದೆ, ನೀನಿಲ್ಲ.

ನಿನ್ನ ಕಾರ್ಯ ಮುಗಿದ ಮೇಲೆ ಶೋಭಾ ಮೇಡಂ ಅವರನ್ನು ಹುಡುಕಿಕೊಂಡು ಹೋದೆ. ಕೂದಲು ನರೆತಿತ್ತು, ಹಾಸನದಲ್ಲೇ ಮಕ್ಕಳಿಗೆ ಕಲಿಸುತ್ತಿದ್ದರು. ನನ್ನ ತೋಳು ತಿರುಗಿಸಿ ನೋಡಿ, "ನೀರ್ನ ಬಡೀಬ್ಯಾಡ ಕಣೆ, ಹಿಡ್ಕೊ" ಅಂದರು. ಅಷ್ಟೇ. ಈಗ ನಾನು ಪಾಠ ಮಾಡುವ ಶಾಲೆಗೆ ರಜೆಯಿದ್ದಾಗಲೆಲ್ಲ ಚನ್ನರಾಯಪಟ್ಟಣದಿಂದ ಹಾಸನದ ಬಸ್ ಹತ್ತುತ್ತೇನೆ. ಕೈಯನ್ನು ಮುಂದಕ್ಕೆ ಉದ್ದ ಚಾಚಿ, ಮೊಣಕೈ ಇಳಿಬಿಡದೆ, ಅಂಗೈಯಿಂದ ಮೊಣಕೈವರೆಗೂ ನೀರನ್ನು ಹಿಂದಕ್ಕೆ ತಳ್ಳುತ್ತೇನೆ. ಸೊಂಟ ತಿರುಗುತ್ತದೆ, ಹೆಗಲಿನ ಭಾರ ಮೈಗೆ ಹಂಚಿಹೋಗುತ್ತದೆ. ಉಸಿರೆಳೆಯುವಾಗ ಒಂದು ಕಣ್ಣು ನೀರೊಳಗೇ ಇರುತ್ತದೆ. ಕಡಿಮೆ ಕೈ ಬೀಸಿ ಹೆಚ್ಚು ದೂರ ಹೋಗುತ್ತೇನೆ, ನೀನು ಅರಚುತ್ತಿದ್ದ ಕಾಲಕ್ಕಿಂತ ವೇಗವಾಗಿ. ಇಷ್ಟು ಕಲಿಯಲು ನೀನು ಸಾಯಬೇಕಿತ್ತಾ?

ಮೊನ್ನೆ ತಿಳಿಯಿತು, ಮೈಸೂರಿನಲ್ಲಿ ದೊಡ್ಡ ವಯಸ್ಸಿನವರ ಈಜುಸ್ಪರ್ಧೆ ಈ ವರ್ಷದ ನಿನ್ನ ತಿಥಿಯ ದಿನವೇ. ಹೆಸರು ಕೊಟ್ಟು ಬಂದೆ. ಬೈಯುತ್ತಾಳೆಂದುಕೊಂಡೇ ಅವ್ವನಿಗೆ ಹೇಳಿದೆ. ಅವಳು ರಾಗಿ ಕೇರುತ್ತಿದ್ದ ಮೊರ ಕೆಳಗಿಟ್ಟಳು.

"ಬಸ್ಸು ಎಷ್ಟೊತ್ತಿಗಮ್ಮಿ? ನಾನೂ ಬತ್ತೀನಿ."

"ಅಪ್ಪನಿಗೆ ಎಡೆ?" ಅಂದೆ.

"ಒಂದ್ ವರ್ಸ ಉಪಾಸ ಇರ್ಲಿ ಬುಡು" ಅಂದಳು.