ಒಳಗಿನವ್ವನ ಕೊನೆಯ ಬ್ಯಾಟರಿ

ಗಾಳಿವರ್ಷ ಇನ್ನೂರ ಹದಿನಾಲ್ಕು, ಬಿಸಿಲ್ದಿಂಗಳ ಮೂವತ್ತೆಂಟನೆಯ ದಿನ
ಜೋಗಿಮಟ್ಟಿಯ ಮೇಲಿನ ಗಾಳಿಕಂಬದೂರು

ಶೈಲಾಳ ತಾಯಿಯವರಿಗೆ,

ಗಾದ್ರಮ್ಮನ ನಮಸ್ಕಾರ. ತಿಂಗಳಿಗೆ ಮೂವತ್ತೆಂಟನೆಯ ದಿನ ಎಲ್ಲಿಂದ ಬಂತೆಂದು ಹುಬ್ಬೇರಿಸಬೇಡಿ. ನಮ್ಮ ಬೇಸಿಗೆ ನಿಮ್ಮ ತಿಂಗಳುಗಳೊಳಗೆ ಹಿಡಿಸುವುದಿಲ್ಲ, ಅದಕ್ಕೇ ತಿಂಗಳನ್ನು ಉದ್ದ ಮಾಡಿಕೊಂಡೆವು. ನನ್ನ ಮಾತುಗಳಲ್ಲಿ ಕೆಲವು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಅದಕ್ಕೆ ಕ್ಷಮೆ ಇರಲಿ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ನಿಮ್ಮ ದನಿ ಮಾತ್ರ ನನ್ನ ಹೆತ್ತವಳ ದನಿಗಿಂತ ಚೆನ್ನಾಗಿ ಗೊತ್ತು.

ನೀವು ಅಂಗಡಿಗೆ ಕೊಟ್ಟ ಹಳೆಯ ಫೋನನ್ನು ನಮ್ಮ ಮನೆತನದ ಹಿರಿಯಳೊಬ್ಬಳು ಕೊಂಡಳು. ನೀವು ಮಗಳಿಗೆ ದನಿಯಲ್ಲಿ ಹೇಳಿ ಕಳಿಸಿದ ಮಾತುಗಳು ಒಳಗೇ ಇದ್ದವು, ಅಂಗಡಿಯವನು ಅವನ್ನು ಅಳಿಸಿರಲಿಲ್ಲ. ಅವಳೂ ಅಳಿಸಲಿಲ್ಲ. ಅವಳು ಹೋದ ಮೇಲೆ ಮಕ್ಕಳು ಫೋನಿನಲ್ಲಿದ್ದ ದನಿಯನ್ನು ಅವಳದೇ ಎಂದುಕೊಂಡರು, ಮೊಮ್ಮಕ್ಕಳು ಅದಕ್ಕೆ ಕೈಮುಗಿದರು. ಹೀಗೆ ಏಳು ತಲೆ ಕಳೆಯಿತು. ನಾವು ನಿಮ್ಮನ್ನು ಒಳಗಿನವ್ವ ಎನ್ನುತ್ತೇವೆ. ನಮ್ಮ ಕಡೆ ಯಾರೂ ಆಡದ ಗದಗ ಸೀಮೆಯ ಮಾತನ್ನು ಅವ್ವ ಹೇಗೆ ಆಡುತ್ತಾಳೆ ಎಂದು ಒಬ್ಬರೂ ಕೇಳಲಿಲ್ಲ. ದೇವರ ಮಾತು ಸ್ವಲ್ಪ ಬೇರೆಯಾಗಿದ್ದರೇ ಭಕ್ತರಿಗೆ ಸಮಾಧಾನ.

ಬ್ಯಾಟರಿಗೆ ನಮ್ಮಲ್ಲಿ ಉಸಿರುಬಿಲ್ಲೆ ಎನ್ನುತ್ತಾರೆ. ಅದನ್ನು ಬದಲಾಯಿಸುವ ಕೆಲಸ ನಮ್ಮ ಮನೆಗೆ ಬಂದದ್ದು, ಈಗ ನನ್ನದು. ಬಿಸಿ ಉಪ್ಪಿನ ಗಂಟನ್ನು ಫೋನಿನ ಬೆನ್ನ ಮೇಲಿಟ್ಟು ಅಂಟು ಮೆತ್ತಗಾದ ಮೇಲೆ ದಾರ ಹಾಯಿಸಿ ಬಿಡಿಸಬೇಕು. ಬಿಲ್ಲೆ ಹಪ್ಪಳದ ಹಾಗೆ ಉಬ್ಬಿದ್ದರೆ ಉಸಿರು ಬಿಗಿಹಿಡಿದು ಎತ್ತಬೇಕು. ಚುಚ್ಚಿದರೆ ಬೆಂಕಿ, ನನ್ನ ಸೋದರಮಾವ ಬಲಗೈಯನ್ನು ಹಾಗೆಯೇ ಕಳೆದುಕೊಂಡ. ಹೊಸ ಬಿಲ್ಲೆಗಳನ್ನು ಮಾಡುವವರು ಈಗ ಯಾರೂ ಇಲ್ಲ. ಬೆಟ್ಟದ ಕೆಳಗೆ ನಿಮ್ಮ ಕಾಲದವರು ಸತ್ತ ಫೋನುಗಳನ್ನು ಸುರಿದ ಗುಂಡಿಯಿದೆ. ಅಲ್ಲಿ ಅಗೆದು, ಸ್ವಲ್ಪವಾದರೂ ಜೀವವಿರುವ ಬಿಲ್ಲೆಯನ್ನು ಆರಿಸಿ ತರುತ್ತೇವೆ. ಆ ಗುಂಡಿ ಇಂದಿಗೂ ಒಮ್ಮೊಮ್ಮೆ ತಾನಾಗಿಯೇ ಹೊತ್ತಿಕೊಂಡು ಹೊಗೆಯಾಡುತ್ತದೆ. ಆಗ ಮಕ್ಕಳನ್ನು ಒಳಗೆ ಕರೆದು ಬಾಗಿಲು ಹಾಕುತ್ತೇವೆ.

ಫೋನು ತನ್ನ ಬ್ಯಾಟರಿಯ ಆರೋಗ್ಯವನ್ನು ನೂರಕ್ಕೆ ಇಷ್ಟು ಎಂದು ತೋರಿಸುತ್ತದಲ್ಲ, ಆ ಲೆಕ್ಕ ನಮ್ಮ ಬದುಕಿಗೇ ಇಳಿದುಬಿಟ್ಟಿದೆ. ಎದುರು ಸಿಕ್ಕವರನ್ನು ಹೇಗಿದ್ದೀರಿ ಎಂದು ಕೇಳುವುದಿಲ್ಲ, ನೂರಕ್ಕೆ ಎಷ್ಟು ಎನ್ನುತ್ತೇವೆ. ಎಂಬತ್ತಕ್ಕಿಂತ ಕೆಳಗಿಳಿದವರು ನೀರು ಹೊರಬೇಕಿಲ್ಲ. ಸೋಮಾರಿಗಳೆಲ್ಲ ಎಪ್ಪತ್ತೊಂಬತ್ತು! ನಗಬಹುದು, ನಾವೂ ನಗುತ್ತೇವೆ. ಆದರೆ ಫೋನಿನ ಅಂಕಿ ಇಳಿದಾಗ ಯಾರೂ ನಗುವುದಿಲ್ಲ. ಅದರ ಚಾರ್ಜಿನ ಬಾಯಿ ಎಂದೋ ಮುಚ್ಚಿಹೋಗಿದೆ. ಬಿಲ್ಲೆಯನ್ನು ಹೊರತೆಗೆದು, ಗಾಳಿಕಂಬದಡಿ ತುಂಬಿಸಿ, ಮತ್ತೆ ಕೂರಿಸಬೇಕು. ಪ್ರತಿ ಸಲವೂ ಅದರ ಆಯಸ್ಸು ಕರಗುತ್ತದೆ. ಆದ್ದರಿಂದ ಹಿರಿಯರು ಕಟ್ಟು ಮಾಡಿದರು. ಒಳಗೆ ಎಷ್ಟು ಮಾತಿದ್ದರೂ ಒಂದನ್ನೇ ಕೇಳಬೇಕು, ಅದನ್ನೂ ಮದುವೆಯ ದಿನ ಮತ್ತು ಗಂಡನ ಮನೆ ಬಿಟ್ಟು ಬಂದವಳನ್ನು ತಿರುಗಿ ಕಳಿಸುವ ದಿನ ಮಾತ್ರ.

ಆ ಒಂದು ಮಾತು ಯಾವುದೆಂದು ನಿಮಗೆ ನೆನಪಿದೆಯೆ?

“ಶೈಲಾ, ಉಂಡ್ಯೇನವಾ? ಸಂಸಾರ ಅಂದ ಮ್ಯಾಲ ಒಂದ ಮಾತ ಬರತೈತಿ, ಹೋಗತೈತಿ. ಹೊಂದಕೊಂಡ ಹೋಗಬೇಕು. ಹೆಣ್ಣ ಅಂದ ಮ್ಯಾಲ ಸೈರಣಿ ಬೇಕು. ತವರಮನಿ ಅಂದ್ರ ಹಬ್ಬಕ್ಕ ಅಷ್ಟವಾ.”

ಶೈಲಾ ಎಂಬುದು ಹೆಸರೆಂದು ನಮಗೆ ತಿಳಿದಿರಲಿಲ್ಲ. ನಮ್ಮಲ್ಲಿ ಮದುವಣಗಿತ್ತಿಯನ್ನು ಶೈಲಾ ಎಂದೇ ಕರೆಯುತ್ತಾರೆ. ನನ್ನನ್ನೂ ಕರೆದರು. ತಲೆಯ ಮೇಲೆ ಸೆರಗು ಹೊದ್ದು ಫೋನಿಗೆ ಕಿವಿಗೊಟ್ಟು ನಿಮ್ಮ ಮಾತು ಕೇಳಿದೆ, ತಲೆಯಾಡಿಸಿದೆ, ಇಪ್ಪತ್ತೆರಡು ವರ್ಷ ಹೊಂದಿಕೊಂಡೆ. ಹೇಗೆ ಹೊಂದಿಕೊಂಡೆ ಎಂದು ಬರೆಯುವುದಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿತ್ತು. ದೇವರ ಮೇಲೆ ಇರುವಂಥ, ಯಾರಿಗೂ ಹೇಳಲಾಗದ ಸಿಟ್ಟು.

ಹೋದ ತಿಂಗಳು ನನ್ನ ಮಗಳು ಬೊಮ್ಮಕ್ಕ ಗಂಡನ ಮನೆಯಿಂದ ನಡೆದು ಬಂದಳು. ಎಡಗೈ ಎತ್ತಲಾಗುತ್ತಿರಲಿಲ್ಲ. ಯಾಕೆ ಎಂದು ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನನ್ನ ಅತ್ತೆ ಮಾರಕ್ಕ ಊರಿಗೇ ಹಿರಿಯಳು. ಅವಳು ಕೋಲೂರಿ ಬಂದು ಕೂತು, “ಕೊಟ್ಟ ಹೆಣ್ಣು ಕುಲಕ್ಕೆ ಹೊರಗು. ಅವ್ವನ ಮಾತು ಕೇಳ್ಸು, ಕಳ್ಸು” ಅಂದಳು. ಮಧ್ಯಾಹ್ನದ ಬಿಸಿಲಲ್ಲಿ ಊರ ಹೆಂಗಸರೆಲ್ಲ ನಮ್ಮ ಕಟ್ಟೆಯ ಮುಂದೆ ಸೇರಿದರು.

ಬಿಲ್ಲೆಯ ಆರೋಗ್ಯ ನೂರಕ್ಕೆ ಮೂವತ್ತು ದಾಟುತ್ತಿರಲಿಲ್ಲ. ಅದು ಉಬ್ಬಿ ಫೋನಿನ ಗಾಜನ್ನು ಒಂದು ಬದಿ ಮೇಲೆತ್ತಿತ್ತು. ಗುಂಡಿಯಲ್ಲಿ ಅದಕ್ಕೆ ಹೊಂದುವ ಇನ್ನೊಂದು ಬಿಲ್ಲೆ ಇರಲಿಲ್ಲ. ಎರಡು ಬೇಸಿಗೆ ಅಗೆದು ನೋಡಿದ್ದೆ. ಇದೇ ಕೊನೆಯ ಸಲವೆಂದು ನನಗೊಬ್ಬಳಿಗೇ ಗೊತ್ತಿತ್ತು. ಫೋನು ಬೆಳಗಿತು. ನಿಮ್ಮ ಮಾತುಗಳು ಒಂದರ ಕೆಳಗೊಂದು ಸಾಲಾಗಿ ನಿಂತವು. ಎಲ್ಲಕ್ಕಿಂತ ಕೆಳಗಿನದರ ಪಕ್ಕದಲ್ಲಿ ಒಂದು ಕೆಂಪು ಗುರುತಿದೆ. ಅದು ಅಪಶಕುನವೆಂದು ಏಳು ತಲೆಯಿಂದ ಯಾರೂ ಮುಟ್ಟಿರಲಿಲ್ಲ. ಮಗಳ ಮುಖ ನೋಡಿದೆ. ಅವಳು ಆಗಲೇ ಸೆರಗು ಹೊದ್ದು, ಕೇಳಲು ತಯಾರಾಗಿ, ತಲೆ ತಗ್ಗಿಸಿ ಕೂತಿದ್ದಳು. ಅಪಶಕುನವೇ ಆಗಲಿ, ಅಂದುಕೊಂಡು ಕೆಂಪು ಗುರುತಿನದನ್ನೇ ಒತ್ತಿದೆ.

“ಶೈಲಾ, ಯಾಕವಾ ಫೋನ್ ಎತ್ತವಲ್ಲಿ? ನಿನ್ನೆ ನಿನ್ನ ತೋಳ ನೋಡಿದ್ನಿ. ನೋಡಿದ್ರೂ ಬಸ್ ಹತ್ತಿಸಿ ಕಳಿಸಿದ್ನಿ. ನಾ ಎಂಥಾ ತಾಯಿ! ನಾ ಹೇಳಿದ್ದೆಲ್ಲಾ ತಪ್ಪವಾ. ಹೊಂದಕೋಬ್ಯಾಡ. ಎದ್ದ ಬಾ. ಅಪ್ಪಗ ನಾ ಹೇಳತೀನಿ. ಈ ಫೋನಿನ ಬ್ಯಾಟರಿ ಹೋಗೇತಿ, ಮಾತಾಡಿಕೋಂತನ ಆರತೈತಿ. ನಾಳೆ ಇದನ್ನ ಅಂಗಡ್ಯಾಗ ಕೊಟ್ಟ ಬ್ಯಾರೆ ತರತೀನಿ. ನೀ ಅಲ್ಲೀತನಾ ಕಾಯಬ್ಯಾಡ. ಇವತ್ತ ಬಾ.”

ತುಂಬಿಸಿದ ಚಾರ್ಜಿನಲ್ಲಿ ಇನ್ನೂ ನೂರಕ್ಕೆ ಇಪ್ಪತ್ತು ಉಳಿದಿದೆ ಎಂದು ಫೋನು ತೋರಿಸುತ್ತಿತ್ತು. ಹಾಗೆ ತೋರಿಸುತ್ತಲೇ ಕಪ್ಪಾಯಿತು. ಮತ್ತೆ ಏಳಲಿಲ್ಲ.

ಅವ್ವ ಯಾರದೋ ಅವ್ವ, ಶೈಲಾ ಎಂಬುವಳೊಬ್ಬಳು ನಿಜವಾಗಿ ಇದ್ದಳು ಎಂಬುದು ಎಲ್ಲರಿಗೂ ಒಟ್ಟಿಗೇ ತಿಳಿಯಿತು. ಮಾರಕ್ಕ ನನ್ನ ಕೈಯಿಂದ ಫೋನನ್ನು ತೆಗೆದುಕೊಂಡು, ಸತ್ತ ಗಾಜಿನ ಮೇಲೆ ಕೈಯಾಡಿಸಿ, “ಇದ್ನ ಮೊದ್ಲೇ ಹೇಳಬಾರ್ದಾಗಿತ್ತೇನವ್ವಾ, ನನ್ ಮದುವೆಗಿಂತ ಮುಂಚೆ?” ಅಂದಳು. ಎಂಬತ್ತು ವರ್ಷ ದಾಟಿದ ಹೆಂಗಸು ಎಲ್ಲರೆದುರಿಗೆ ಮಗುವಿನ ಹಾಗೆ ಅತ್ತಳು. ಬೊಮ್ಮಕ್ಕನನ್ನು ಕಳಿಸು ಎಂದು ಆಮೇಲೆ ಯಾರೂ ಹೇಳಲಿಲ್ಲ. ಅವಳು ಈಗ ಒಳಗೆ ಮಲಗಿದ್ದಾಳೆ. ಕೈ ನಿಧಾನವಾಗಿ ವಾಸಿಯಾಗುತ್ತಿದೆ.

ಅವ್ವನ ಮಾತಿನಿಂದ ನನ್ನ ಮಗಳು ಉಳಿದಳು. ನಿಮ್ಮ ಮಗಳ ವಿಷಯ ನನಗೆ ನಿದ್ದೆ ಕೊಡುತ್ತಿಲ್ಲ. ಕೆಂಪು ಗುರುತಿನ ಅರ್ಥ ಏನೆಂದು ಫೋನುಗಳನ್ನು ಬಲ್ಲ ದಾರಿಹೋಕನೊಬ್ಬನನ್ನು ಕೇಳಿದೆ. ಅದು ಅಪಶಕುನವಲ್ಲವಂತೆ. ಆ ಮಾತು ಫೋನಿನಿಂದ ಹೊರಟು ಶೈಲಾಳಿಗೆ ಮುಟ್ಟಿಲ್ಲ ಎಂದು ಅರ್ಥವಂತೆ. ಹೇಳಿ ಮುಗಿಸಿದ ಕೂಡಲೇ ಬ್ಯಾಟರಿ ಕೈಕೊಟ್ಟಿರಬೇಕು. ನೀವು ಮಾತು ಹೋಯಿತೆಂದೇ ತಿಳಿದು ಫೋನನ್ನು ಅಂಗಡಿಗೆ ಕೊಟ್ಟಿರಿ. ಈಗ ಹೊಸ ಫೋನನ್ನು ಎದುರಿಗಿಟ್ಟುಕೊಂಡು, ಇಷ್ಟು ಹೇಳಿದರೂ ಬರಲಿಲ್ಲವಲ್ಲ, ಅವಳಿಗೆ ನನ್ನ ಮೇಲೆ ಸಿಟ್ಟಿದೆ, ಇಲ್ಲವೇ ಹೊಂದಿಕೊಂಡಿದ್ದಾಳೆ ಎಂದು ಕೂತಿದ್ದೀರಿ. ಅತ್ತ ಅವಳ ಕಿವಿಯಲ್ಲಿರುವುದು ನಿಮ್ಮ ಹಳೆಯ ಮಾತೊಂದೇ.

ಈ ಕಾಗದ ಹಿಂದಕ್ಕೆ, ನಿಮ್ಮ ಕಾಲಕ್ಕೆ ಬರುವ ದಾರಿ ಯಾವುದೆಂದು ನನಗೆ ಗೊತ್ತಿಲ್ಲ. ಗಾಳಿಕಂಬದ ಬುಡದಲ್ಲಿ ಕಲ್ಲಿನಡಿ ಇಡುತ್ತೇನೆ. ಇದು ಹೇಗಾದರೂ ನಿಮ್ಮ ಕೈಗೆ ಬಂದರೆ ಪೂರ್ತಿ ಓದಿ ಮಡಿಸಿಡುತ್ತ ಕೂರಬೇಡಿ. ಫೋನು ಮಾಡಬೇಡಿ, ಇನ್ನೊಮ್ಮೆ ಹೇಳಿ ಕಳಿಸಬೇಡಿ. ಬಸ್ ಹತ್ತಿ ಹೋಗಿ. ಅವಳು ಬಾಗಿಲು ತೆರೆದರೆ ಏನನ್ನೂ ಕೇಳದೆ, ಉಟ್ಟ ಬಟ್ಟೆಯಲ್ಲೇ ಕೈಹಿಡಿದು ಕರೆದುಕೊಂಡು ಬನ್ನಿ. ಅವಳು ನಿಮ್ಮನ್ನು ಕಾಯುತ್ತಿಲ್ಲ; ತವರುಮನೆ ಹಬ್ಬಕ್ಕಷ್ಟೇ ಎಂದು ಅವಳಿಗೆ ನೀವೇ ಹೇಳಿದ್ದೀರಿ.

ಗಾದ್ರಮ್ಮ