ಆಡಕಿ ಬಸ್ಸಿನ ಪುಟ

ಶ್ರುತಿ,

ಕಂಪ್ಯೂಟರಿನ ಬ್ರೌಸರ್ ಮತ್ತೆ ತಾನಾಗಿ ಮುಚ್ಚಿಕೊಂಡಿತು. ನೀನು ಹೇಳಿದಂತೆ ಅದನ್ನು ತೆಗೆದು ಹೊಸದಾಗಿ ಹಾಕಿದೆ. ಆದರೂ ತೆರೆದ ಕೂಡಲೇ ಬರುವುದು ನಿನ್ನ ಅಜ್ಜಿಯ ತವರೂರು ಆಡಕಿಗೆ ಹೋಗುವ ಬಸ್ಸಿನ ವೇಳೆ, ಅವರು ಸಾಯುವವರೆಗೂ ದಿನಾ ನೋಡುತ್ತಿದ್ದ ಅದೇ ಪುಟ.

"ಒಮ್ಮಿ ನನ್ನ ತವರಿಗಿ ಕರಕೊಂಡು ಹೋಗವ್ವಾ" ಎಂದು ಅವರು ಕೇಳಿದಾಗಲೆಲ್ಲ ನಾನು "ಹೊಲದ ರಾಶಿ ಮುಗೀಲಿ, ಅತ್ತಿ" ಎನ್ನುತ್ತಿದ್ದೆ.

ಇವತ್ತು ಅವರ ಹಸಿರು ಸೀರೆಗೆ ಉಡಿ ತುಂಬಿ, "ನಡೀರಿ ಅತ್ತಿ" ಎಂದು ಕರೆದು, ಆಡಕಿಗೆ ಹೊರಟಿದ್ದೇನೆ. ನಿಮ್ಮಪ್ಪ ನಕ್ಕರೆ ನಗಲಿ.

ಪಲ್ಯ ಮುಚ್ಚಿಟ್ಟಿದ್ದೇನೆ. ಉಂಡಮೇಲೆ ಬ್ರೌಸರ್ ತೆರೆದು ನೋಡು. ಮುಚ್ಚಿಕೊಳ್ಳದಿದ್ದರೆ ಅವರು ನನ್ನ ಜೊತೆ ಬಂದಿದ್ದಾರೆ. ಮುಚ್ಚಿಕೊಂಡರೆ ಫೋನ್ ಮಾಡು, ಅರ್ಧ ದಾರಿಯಿಂದಲಾದರೂ ತಿರುಗಿ ಬಂದು ಅವರನ್ನು ಕರೆದೊಯ್ಯುತ್ತೇನೆ.

ಅಜ್ಜಿ ಕೂತು ನೋಡುತ್ತಿದ್ದ ಆ ಕುರ್ಚಿಯಲ್ಲಿ ಮಾತ್ರ ಕೂರಬೇಡ. ನಿಂತೇ ನೋಡು.

ಅವ್ವ