ಅನಿಯೆಕೆ ತಾತ ಕಟ್ಟಿದ ಗೋಡೆ

ಜೂನ್ 4, ಎನುಗು

ಮುಚ್ಚಿದ ಕಲ್ಲಿದ್ದಲು ಗಣಿಯ ಲ್ಯಾಂಪ್ ರೂಮಿನ ಅಳತೆ ಮುಗಿಯಿತು. ದೀಪ ತೂಗುಹಾಕುವ ಇನ್ನೂರ ನಲವತ್ತು ಕೊಕ್ಕೆ, ಪ್ರತಿಯೊಂದರ ಕೆಳಗೂ ನಂಬರು. ಫ್ಯಾನ್ ಮನೆಗೆ ಛಾವಣಿ ಇಲ್ಲ. ಗಣಿಯೊಳಕ್ಕೆ ಗಾಳಿ ಇಳಿಸುವ ಗಾಳಿಬಾವಿಯ ಕಬ್ಬಿಣದ ಮುಚ್ಚಳವನ್ನು ಗುಜರಿಯವರು ಎಂದೋ ಹೊತ್ತೊಯ್ದಿದ್ದಾರೆ. ಗಣಿಯ ಬಾಯಿ ಒಂದೇ ಬಾಕಿ. ಅನಿಯೆಕೆ ತಾತ ಇಲ್ಲಿ ಗಾರೆ ಕೆಲಸ ಮಾಡಿದವರು, ದಾರಿ ತೋರಿಸಲು ಬರುತ್ತಾರೆ. ಗಣಿಬಾಯಿಯ ಕಮಾನಿನ ಹತ್ತಿರ ಮಾತ್ರ ನಿಲ್ಲುವುದಿಲ್ಲ.

"ಒಳಗೇನಿದೆ ಮಗಳೇ ಬರ್ಕೊಳ್ಳೋಕೆ? ಕತ್ಲೆಗೂ ಉದ್ದ ಅಗಲ ಇರುತ್ತಾ?"

"ನಕ್ಷೆ ಇಲ್ಲದಿದ್ರೆ ಎಲ್ಲಾ ಕೆಡವ್ತಾರೆ ತಾತ. ಐವತ್ತು ಅಡಿ ಹೋಗಿ ಬರೋಣ."

ಜೂನ್ 11, ಬೆಳಿಗ್ಗೆ 11.20

ಒಳಗಿದ್ದೇವೆ. ಬಾಯಿ ಕುಸಿದಿದೆ — ವಾರದ ಮಳೆ, ಜೊತೆಗೆ ಕಮಾನಿನ ಇಟ್ಟಿಗೆ ಕಿತ್ತು ಮನೆ ಕಟ್ಟಿಕೊಂಡವರ ಪುಣ್ಯ. ತಾತನ ಮೊಣಕೈ ತರಚಿದೆ. ಫೋನಿಗೆ ಸಿಗ್ನಲ್ ಇಲ್ಲ, ಟಾರ್ಚ್ ಇದೆ. ಇಲ್ಲಿಗೆ ಬಂದದ್ದು ಯಾರಿಗೂ ಗೊತ್ತಿಲ್ಲ.

ಮಧ್ಯಾಹ್ನ 2

ಮಣ್ಣು ಗೋರಿದಷ್ಟೂ ಇಳಿಯುತ್ತದೆ. ಕೈಬಿಟ್ಟೆ. ಗಾಳಿಬಾವಿಗೆ ಮೆಟ್ಟಿಲಿಲ್ಲವೇ ಎಂದು ಕೇಳಿದೆ. ತಾತ ಟಾರ್ಚನ್ನು ಒಳಗಿನ ಕತ್ತಲೆಯತ್ತ ತಿರುಗಿಸಿದರು.

"ಇದೆ. ಮಧ್ಯ ಒಂದು ಗೋಡೆ ಇದೆ."

"ಯಾರು ಕಟ್ಟಿದ್ದು?"

"ನಾನೇ."

3.30

ಹೇಳಿದರು. ನಲವತ್ತು ವರ್ಷದ ಹಿಂದೆ ಒಳಗೆ ಕಲ್ಲಿದ್ದಲಿಗೆ ಬೆಂಕಿ ಬಿತ್ತು. ಬೆಂಕಿಯ ಕಡೆ ನಾಲ್ವರು, ಈ ಕಡೆ ಅರವತ್ತು ಜನ. ಗಾಳಿ ತಡೆದರೆ ಬೆಂಕಿ ಆರುತ್ತದೆಂದು ಗಣಿಯ ಮೇಲಧಿಕಾರಿಗಳು ಮೇಲೆ ಗಾಳಿಬಾವಿ ಮುಚ್ಚಿದರು, ಕೆಳಗೆ ಗೋಡೆ ಎಬ್ಬಿಸಲು ತಾತನಿಗೆ ಹೇಳಿದರು. ಆ ನಾಲ್ವರಲ್ಲಿ ಒಬ್ಬ ಅವರ ಅಣ್ಣ ನ್ವೊಬೊಡೊ.

"ಎದೆಮಟ್ಟ ಬಂದಾಗ ಒಳಗಿಂದ ಕೂಗಿದ್ರು. ಇನ್ನೂ ಬೇಗ ಬೇಗ ಕಟ್ದೆ."

"ನಿಮ್ಮ ಅತ್ತಿಗೆಗೆ ಏನಂದ್ರಿ?"

"ಬೆಂಕಿ ಹತ್ತಿದ ಕೂಡ್ಲೇ ಹೋದ, ನರಳ್ಲಿಲ್ಲ ಅಂದೆ."

ಸಂಜೆ 5.15

ಗೋಡೆಯ ಹತ್ತಿರ ಬಂದೆವು, ಒಂದು ಕಬ್ಬಿಣದ ಸರಳು ಸಿಕ್ಕಿತು. ತಾತನೇ ಮೀಟುತ್ತಿದ್ದಾರೆ, ನನ್ನ ಕೈಗೆ ಕೊಡುವುದಿಲ್ಲ. "ಗಟ್ಟಿಯಾಗೇ ಕಟ್ಟಿದೀನಿ ನೋಡು" ಎಂದು ನಕ್ಕರು. ನಗುವಾ ಅದು... ಮೊದಲ ಇಟ್ಟಿಗೆ ಬಿತ್ತು. ಗಾಳಿ ಬರುತ್ತಿದೆ.

ಜೂನ್ 14

ಮನೆಯಲ್ಲಿದ್ದೇನೆ. ಮೂರು ದಿನ ಬರೆಯಲಾಗಲಿಲ್ಲ.

ಗೋಡೆಯಾಚೆ, ಬುಡದಲ್ಲೇ ನಾಲ್ವರೂ ಇದ್ದರು. ಒಬ್ಬರಿಗೊಬ್ಬರು ಒತ್ತಿಕೊಂಡು. ಅಳತೆ ತೆಗೆಯಲಿಲ್ಲ. ತಾತ ಅವರ ಪಕ್ಕ ಕೂತುಬಿಟ್ಟರು. "ನೀನು ಹೋಗು. ನನಗಿದೇ ಸರಿ." ರಟ್ಟೆ ಹಿಡಿದು ಎಳೆದೆ, ಬೈದೆ. ಏಳಲಿಲ್ಲ.

"ಹಂಗಾದ್ರೆ ನಿಮ್ಮ ಅತ್ತಿಗೆಗೆ ಇದನ್ನ ನಾನು ಹೇಳ್ಲಾ?"

ಎದ್ದರು. ನೂರ ಹದಿನಾರು ಮೆಟ್ಟಿಲು, ನಡುನಡುವೆ ಕೂತು.

ಜೂನ್ 19, ಬೆಳಿಗ್ಗೆ 8.10

ತಾತನ ಅತ್ತಿಗೆ ಉದೆಆಕು ಅವರ ಅಂಗಳ. ತಾತ ಬಿಳಿ ಅಂಗಿ ತೊಟ್ಟು, ಹಿರಿಯರ ಮುಂದಿಡುವ ಕೋಲಾ ಕಾಯಿ ಹಿಡಿದು ಬಂದಿದ್ದಾರೆ. ಹತ್ತಿರವೇ ಇರು, ನನ್ನ ಮುಖ ನೋಡಬೇಡ ಎಂದಿದ್ದಾರೆ. ಅದಕ್ಕೇ ಬಗ್ಗಿ ಬರೆಯುತ್ತಿದ್ದೇನೆ. ತಾತ ಒಳಗೆ ಹೋದರು, ನಾನು ಹೊರಗೆ; ಬಾಗಿಲು ತೆರೆದೇ ಇದೆ.

ಉದೆಆಕು ಅಜ್ಜಿ ಮಾರಲು ಹೊರಟಿದ್ದ ಒಕ್ಪಾ ಕಡುಬಿನ ಬುಟ್ಟಿ ಇಳಿಸಿ, ಒಂದರ ಬಾಳೆಲೆ ಬಿಚ್ಚಿದರು. "ಎಷ್ಟು ದಿನ ಆಯ್ತೋ ಮೈದುನ, ಈ ಕಡೆ ತಲೆ ಹಾಕಿ. ತಿನ್ನು, ಬಿಸಿ ಇದೆ."

"ಅತ್ತಿಗೆ, ಅಣ್ಣ ಕೂಡ್ಲೇ ಹೋಗ್ಲಿಲ್ಲ. ಕೂಗ್ತಿದ್ದ. ನಾನು ಗೋಡೆ ಕಟ್ದೆ."

ಎಲೆ ಮತ್ತೆ ಮಡಚುವ ಸದ್ದು.

"ಏನಂತ ಕೂಗ್ದ?"

"ನನ್ನ ಹೆಸ್ರು."

ಅಜ್ಜಿ ಎದ್ದು ಬಾಗಿಲಿಗೆ ಬಂದಿದ್ದಾರೆ. ನನ್ನ ಪುಸ್ತಕಕ್ಕೆ ಕೈ ಚಾಚಿದ್ದಾರೆ. "ಬರೆಯೋದು ಬಿಡಮ್ಮ, ಒಳಗೆ ಬಾ. ಇವ್ನು ಮೊದ್ಲಿಂದ ಹೇಳ್ಲಿ, ನೀನು ನನ್ನ ಪಕ್ಕ ಕೂತು—